ಎರಡನೆಯ ಪೆಟ್ಟಿನ ಜಾಗ: ವಿಯೆನ್ನಾದ ವಾಲ್ಟ್ಸ್ ವಾದ್ಯವೃಂದದ ಒಳಗೆ

(ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಧ್ವನಿಮುದ್ರಣ ಕೇಳಿಸಿದ ಕಡೆಗಳಲ್ಲಿ ಇಲ್ಲಿ ವಿವರಣೆಯನ್ನು ಸ್ವಲ್ಪ ಬೆಳೆಸಿದೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ವಿಯೆನ್ನಾದ ಕಿರಿಯ ಯೋಹಾನ್ ಸ್ಟ್ರಾಸ್ ಬರೆದ 'ಬ್ಲೂ ಡ್ಯಾನ್ಯೂಬ್' ವಾಲ್ಟ್ಸ್ ಕೇಳದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. ಹೆಸರು ಗೊತ್ತಿಲ್ಲದವರಿಗೂ ಧಾಟಿ ಗೊತ್ತಿರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಧಾಟಿ ಅಷ್ಟು ಪರಿಚಿತವಾದ್ದರಿಂದ ವಾಲ್ಟ್ಸ್ ಎಂದರೆ ಸಲೀಸಾಗಿ ನುಡಿಸಿಬಿಡಬಹುದಾದ ಸಂಗೀತ ಎಂಬ ಭಾವನೆ ಬೇರೂರಿದೆ. ದೊಡ್ಡ ದೊಡ್ಡ ಸಿಂಫನಿಗಳನ್ನು ಅರಗಿಸಿಕೊಂಡ ವಾದ್ಯವೃಂದಗಳೂ ಒಂದು ಸ್ಟ್ರಾಸ್ ವಾಲ್ಟ್ಸ್ ಎತ್ತಿಕೊಂಡು ಸಪ್ಪೆ ಮಾಡಿಬಿಡುತ್ತವೆ. ಶ್ರುತಿ ಸರಿಯಾಗಿರುತ್ತದೆ, ಒಂದು ಸ್ವರವೂ ತಪ್ಪಿರುವುದಿಲ್ಲ, ಆದರೂ ಕೇಳುವವರ ಕಾಲು ಅಲ್ಲಾಡುವುದಿಲ್ಲ.

ನಾವು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ವಿಯೆನ್ನಾದ ವಾಲ್ಟ್ಸ್ ಸಂಪ್ರದಾಯವನ್ನು ಹೊತ್ತಿರುವವರು ಮುಂದೆ ಕೂತು ಧಾಟಿ ನುಡಿಸುವ ಮೊದಲ ಪಿಟೀಲಿನವರಲ್ಲ, ಕೋಲು ಹಿಡಿದ ಕಂಡಕ್ಟರ್ ಕೂಡ ಅಲ್ಲ. ಸಂಜೆಯಿಡೀ 'ಚಾ-ಚಾ, ಚಾ-ಚಾ' ಎಂದು ಎರಡೆರಡು ಸ್ವರ ನುಡಿಸುತ್ತ ಕೂತಿರುವ ಎರಡನೆಯ ಪಿಟೀಲಿನವರು ಮತ್ತು ವಿಯೋಲಾದವರು (ವಿಯೋಲಾ ಎಂದರೆ ಪಿಟೀಲಿಗಿಂತ ತುಸು ದೊಡ್ಡ, ತಗ್ಗು ಸ್ವರದ ವಾದ್ಯ). ಸ್ವರಲಿಪಿಯಲ್ಲಿ ಅವರ ಪಾರ್ಟು ನೋಡಿದರೆ ಪಾಪ ಎನಿಸುತ್ತದೆ. ಪುಟಗಟ್ಟಲೆ ಒಂದು ವಿರಾಮ, ಎರಡು ಕಾಲು-ಸ್ವರ (ಒಂದೊಂದು ಪೆಟ್ಟಿನಷ್ಟು ಉದ್ದದ ಸ್ವರ). ಒಂದು ವಿರಾಮ, ಎರಡು ಕಾಲು-ಸ್ವರ. ಆದರೆ ಆ ಎರಡು ಸ್ವರ ಎಲ್ಲಿ ಬೀಳಬೇಕು ಎಂಬುದನ್ನು ಸ್ವರಲಿಪಿ ಹೇಳುವುದಿಲ್ಲ.

ಲೆಕ್ಕ ಹಾಕೋಣ. ವಾಲ್ಟ್ಸ್ ಮೂರು ಪೆಟ್ಟಿನ ಬಾರ್‌ಗಳ ಸಂಗೀತ. ಬಾರ್ ಎಂದರೆ ಸದ್ಯಕ್ಕೆ ನಮ್ಮ ಆವರ್ತ ಎಂದುಕೊಳ್ಳಿ. ನೃತ್ಯ ಸ್ಪರ್ಧೆಗಳಲ್ಲಿ ವಿಯೆನ್ನೀಸ್ ವಾಲ್ಟ್ಸ್‌ಗೆ ನಿಮಿಷಕ್ಕೆ ಸುಮಾರು 60 ಬಾರ್ ವೇಗ. ಅಂದರೆ ಒಂದು ಬಾರ್‌ಗೆ ಒಂದು ಸೆಕೆಂಡು, ಒಂದು ಪೆಟ್ಟಿಗೆ ಸೆಕೆಂಡಿನ ಮೂರನೆಯ ಒಂದು ಭಾಗ. ಮೊದಲ ಪೆಟ್ಟು ಡಬಲ್ ಬಾಸ್ ಮತ್ತು ಚೆಲ್ಲೊ ಎಂಬ ತಗ್ಗು ಸ್ವರದ ದೊಡ್ಡ ತಂತಿವಾದ್ಯಗಳದು, ಜೋರಿನ ಜಾಗಗಳಲ್ಲಿ ಟ್ಯೂಬಾ ಕೂಡ ಸೇರುತ್ತದೆ. ಎರಡು ಮತ್ತು ಮೂರನೆಯ ಪೆಟ್ಟು ಎರಡನೆಯ ಪಿಟೀಲು, ವಿಯೋಲಾ, ಎಷ್ಟೋ ಸಲ ಹಾರ್ನ್‌ಗಳದು. ವಿಯೆನ್ನಾದ ರೀತಿಯಲ್ಲಿ ಈ ಎರಡನೆಯ ಪೆಟ್ಟು ತನ್ನ ಜಾಗಕ್ಕಿಂತ ಒಂದು ಎಳೆ ಮುಂಚೆ ಬರುತ್ತದೆ. ಮೂರನೆಯದು ಹೆಚ್ಚುಕಡಿಮೆ ತನ್ನ ಜಾಗದಲ್ಲೇ ಇರುತ್ತದೆ. ಹೀಗಾಗಿ ಬಾರ್‌ನೊಳಗೆ ಮೊದಲ ಪೆಟ್ಟು ಗಿಡ್ಡ, ಎರಡನೆಯದು ಉದ್ದ. ಮುಂದಿನ ಬಾರ್‌ನ ಮೊದಲ ಪೆಟ್ಟು ಮಾತ್ರ ಕಾಲಕ್ಕೆ ಸರಿಯಾಗಿ ಬಂದು ಇಳಿಯಬೇಕು. ಇದನ್ನು ಮರೆತವರು ಹಾಳಾಗುತ್ತಾರೆ. ಬಾರ್‌ನ ಒಳಗಡೆ ಅಸಮ, ಬಾರ್‌ನಿಂದ ಬಾರ್‌ಗೆ ಸಮ.

ಯಾಕೆ ಹೀಗೆ? ಎದೆಗೆ ಎದೆ ಎದುರಾಗಿ ಹಿಡಿದುಕೊಂಡು ಸುತ್ತುವ ಜೋಡಿಗೆ ಮೊದಲ ಹೆಜ್ಜೆ ದೊಡ್ಡದು, ಮೈಯ ಭಾರ ಹಾಕುವ ಹೆಜ್ಜೆ. ಆ ನೂಕು ಸಿಕ್ಕಿದ ಮೇಲೆ ಎರಡನೆಯ ಪೆಟ್ಟಿನಲ್ಲಿ ತೇಲಿ, ಮೂರನೆಯದರಲ್ಲಿ ಕಾಲು ಜೋಡಿಸಿಕೊಳ್ಳಬೇಕು. ಬೇಗ ಬಂದ ಎರಡನೆಯ ಪೆಟ್ಟು ಆ ತೇಲುವಿಕೆಗೆ ಜಾಗ ಕೊಡುತ್ತದೆ. ಇದು ಒಂದು ವಿವರಣೆ. ನುಡಿಸುವವರ ಕಡೆಯಿಂದ ಇನ್ನೊಂದು, ಒಣ ಭೌತಶಾಸ್ತ್ರದ್ದು: ಶಬ್ದ ಹತ್ತು ಮೀಟರ್ ದಾಟಲು ಸುಮಾರು 30 ಮಿಲಿಸೆಕೆಂಡು ಬೇಕು. ವಾಲ್ಟ್ಸ್ ವೇಗದಲ್ಲಿ ಅದು ಒಂದು ಪೆಟ್ಟಿನ ಹತ್ತರಲ್ಲೊಂದು ಪಾಲಿಗೆ ಹತ್ತಿರ. ಹಿಂದೆ ಕೂತ ಹಾರ್ನ್‌ನವರು ಮುಂದಿನವರನ್ನು ಕಿವಿಯಿಂದ ಹಿಂಬಾಲಿಸಿದರೆ ಎರಡನೆಯ ಪೆಟ್ಟು ಮುಂಚೆ ಬರುವ ಬದಲು ತಡವಾಗುತ್ತದೆ. ತಡವಾದ ಎರಡನೆಯ ಪೆಟ್ಟಿನಷ್ಟು ವಾಲ್ಟ್ಸ್‌ಗೆ ಕೇಡು ಬೇರೆ ಇಲ್ಲ. ಇಡೀ ವೃಂದ ಕೆಸರಿನಲ್ಲಿ ನಡೆದ ಹಾಗೆ ಕೇಳಿಸುತ್ತದೆ. ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣದಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಡಬಲ್ ಬಾಸ್‌ಗಳು ಬದಿಯಲ್ಲಿ ನಿಲ್ಲುವುದಿಲ್ಲ. ವೇದಿಕೆಯ ಹಿಂಭಾಗದಲ್ಲಿ, ನಟ್ಟನಡುವೆ, ಆರ್ಗನ್ನಿನ ಕೆಳಗೆ ಸಾಲಾಗಿ ನಿಲ್ಲುತ್ತವೆ. ಮೊದಲ ಪೆಟ್ಟು ಎಲ್ಲರ ಬೆನ್ನಿಗೂ ಒಂದೇ ರೀತಿ ತಲುಪುತ್ತದೆ. ಇದನ್ನು ಅಲಂಕಾರವೆಂದು ತಿಳಿಯಬೇಡಿ.

ಈ 'ಮುಂಚೆ' ಎಷ್ಟು ಎಂದು ಕೇಳಿದರೆ ಸ್ಥಿರವಾದ ಉತ್ತರವಿಲ್ಲ. ಧಾಟಿ ಉದ್ದ ಸ್ವರಗಳಲ್ಲಿ ತೇಲುತ್ತಿದ್ದಾಗ ಹೆಚ್ಚು. ಧಾಟಿ ಎಂಟನೇ-ಸ್ವರಗಳಲ್ಲಿ (ಅರ್ಧ ಪೆಟ್ಟಿನ ಸ್ವರಗಳಲ್ಲಿ) ಓಡುತ್ತಿದ್ದಾಗ ತೀರ ಕಡಿಮೆ, ಯಾಕೆಂದರೆ ಪಕ್ಕವಾದ್ಯ ಎಳೆದ ಕಡೆಗೆ ಓಡುವ ಸ್ವರಗಳು ಬಗ್ಗುವುದಿಲ್ಲ, ಎರಡೂ ಡಿಕ್ಕಿ ಹೊಡೆಯುತ್ತವೆ. ಪೂರ್ಣ ವೃಂದ ಜೋರಾಗಿ ನುಡಿಸುವಲ್ಲಿ, ಡ್ರಮ್ಮು-ಸಿಂಬಲ್ ಸೇರಿದಲ್ಲಿ, ಬಹುತೇಕ ಸಮ. ಕೋಡಾದ, ಅಂದರೆ ಮುಕ್ತಾಯ ಭಾಗದ, ಓಟದಲ್ಲಿ ಸಂಪೂರ್ಣ ಸಮ. ಹೊರಗಿನವರು ಇದನ್ನು ಕಲಿತ ಹೊಸದರಲ್ಲಿ ಪ್ರತಿ ಬಾರ್‌ಗೂ ಒಂದೇ ಅಳತೆಯಲ್ಲಿ ಮೆತ್ತುತ್ತಾರೆ. ಅದು ಕುಂಟುವ ಹಾಗೆ ಕೇಳುತ್ತದೆ. ನಮ್ಮ ಪ್ರಕಾರ ಸಪ್ಪೆ ವಾಲ್ಟ್ಸ್‌ಗಿಂತ ಕುಂಟು ವಾಲ್ಟ್ಸ್ ಕೆಟ್ಟದ್ದು.

ಇನ್ನು ರಿಹರ್ಸಲ್ ಹೇಗೆ ಮಾಡಬೇಕು ಎಂಬುದಕ್ಕೆ ಬರೋಣ. ಬಾಸ್‌ನವರನ್ನಷ್ಟೇ ಮೊದಲು ನುಡಿಸಲು ಹೇಳಿ: ಬರೀ ಮೊದಲ ಪೆಟ್ಟು, ನಿಮಿಷಕ್ಕೆ 50 ಬಾರ್. ಸ್ವರ ಗಿಡ್ಡವಾಗಿರಲಿ, ಆದರೆ ಗುಂಯ್ ಎನ್ನಲಿ. ಒಣಗಿದ ತಟ್ಟು ಬೇಡ. ಅದು ನಿಂತ ಮೇಲೆ ವಿಯೋಲಾದವರು ಎರಡನೆಯ ಪೆಟ್ಟು ಮಾತ್ರ ಸೇರಿಸಲಿ, ಮೂರನೆಯದು ಬೇಡ. ಹಾಗೆ ಎಂಟು ಬಾರ್ ನುಡಿಸಿದರೆ ಅವರಿಗೇ ಎರಡನೆಯ ಪೆಟ್ಟಿನ ಜಾಗ ಸಿಗುತ್ತದೆ, ಯಾರೂ ಬಾಯಲ್ಲಿ ವಿವರಿಸಬೇಕಾಗಿಲ್ಲ. ಆಮೇಲೆ ಎರಡನೆಯ ಪಿಟೀಲಿನವರು ಸೇರಲಿ. ಆಮೇಲೆ ಮೂರನೆಯ ಪೆಟ್ಟು, ಎರಡನೆಯದಕ್ಕಿಂತ ಹಗುರವಾಗಿ. ಈ ಎರಡು ವಿಭಾಗದವರೂ ಬಹಳ ಕಡೆ ಎರಡೆರಡು ತಂತಿ ಕೂಡಿಸಿ ನುಡಿಸುತ್ತಾರೆ, ಹಾಗಾಗಿ ನಾಲ್ಕು ಸ್ವರಗಳ ಸ್ವರಮೇಳ ಕೇಳಿಸುತ್ತದೆ. ಕಮಾನಿನ ಯಾವ ಭಾಗದಲ್ಲಿ, ಯಾವ ದಿಕ್ಕಿನಲ್ಲಿ ಎಂಬುದನ್ನು ಎರಡೂ ವಿಭಾಗದ ಮುಖ್ಯಸ್ಥರು ಕೂತು ಒಂದೇ ರೀತಿ ಬರೆದುಕೊಳ್ಳಬೇಕು. ಒಬ್ಬರು ಹಿಡಿಯ ಹತ್ತಿರ, ಇನ್ನೊಬ್ಬರು ತುದಿಯ ಹತ್ತಿರ ನುಡಿಸಿದರೆ ಪೆಟ್ಟಿನ ಅಂಚು ಬೇರೆಬೇರೆಯಾಗಿ, ಕಾಲ ಸರಿಯಿದ್ದರೂ ಮಸುಕಾಗಿ ಕೇಳುತ್ತದೆ. ಧಾಟಿಯವರನ್ನು ಕಡೆಯಲ್ಲಿ ಕರೆಯಿರಿ. ಕರೆದ ತಕ್ಷಣ ಅವರು ಪಕ್ಕವಾದ್ಯದ ಎಳೆತಕ್ಕೆ ತಾವೂ ಎಳೆಯಲು ಹೋಗುತ್ತಾರೆ. ಬೇಡ ಎನ್ನಿ. ಧಾಟಿ ತನ್ನ ಪಾಡಿಗೆ ನೇರವಾಗಿ ಹೋದಾಗಲೇ ಕೆಳಗಿನ ವಾಲಾಟ ಗೊತ್ತಾಗುವುದು.

ಸ್ನೇರ್ ಡ್ರಮ್ ಬಗ್ಗೆ ಒಂದು ಮಾತು. ಡ್ರಮ್ಮಿನವರಿಗೆ ಸಮವಾಗಿ ಬಾರಿಸುವುದು ಅಭ್ಯಾಸ. ಅವರು ಎರಡನೆಯ ಪೆಟ್ಟನ್ನು ಮೆಟ್ರೊನೋಮಿನ (ಸಮವಾಗಿ ಟಿಕ್ ಎನ್ನುವ ಕಾಲಯಂತ್ರದ) ಜಾಗದಲ್ಲಿ ಇಟ್ಟರೆ ಇಪ್ಪತ್ತು ಜನ ವಿಯೋಲಾ-ಪಿಟೀಲಿನವರ ಶ್ರಮ ಒಂದೇ ಕೋಲಿನ ಏಟಿಗೆ ಹೋಯಿತು. ಕಂಡಕ್ಟರ್ ಮೂರು ಪೆಟ್ಟೂ ಕೈಯಲ್ಲಿ ತೋರಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಬಾರ್‌ಗೆ ಒಂದೇ ಬೀಸು ಸಾಕು. ಮೂರನ್ನೂ ತೋರಿಸಿದರೆ ವಾದಕರು ಕಣ್ಣಿನಿಂದ ಎಣಿಸಲು ಶುರುಮಾಡಿ ಕಿವಿ ಮುಚ್ಚಿಕೊಳ್ಳುತ್ತಾರೆ.

ಇದನ್ನು ಯಾರು ಯಾರಿಗೆ ದಾಟಿಸಿದರು ಎಂಬ ಇತಿಹಾಸವನ್ನು ಚಿಕ್ಕದಾಗಿ ಹೇಳುತ್ತೇವೆ. ಯೋಸೆಫ್ ಲಾನರ್ (1801–1843) ಮತ್ತು ಹಿರಿಯ ಯೋಹಾನ್ ಸ್ಟ್ರಾಸ್ (1804–1849) ಶುರುವಿನಲ್ಲಿ ಒಂದೇ ಚಿಕ್ಕ ತಂಡದಲ್ಲಿದ್ದರು, ಸ್ಟ್ರಾಸ್ ಅಲ್ಲಿ ವಿಯೋಲಾ ನುಡಿಸುತ್ತಿದ್ದ. 1825ರ ಹೊತ್ತಿಗೆ ಬೇರೆಯಾದರು. ಹಿರಿಯ ಸ್ಟ್ರಾಸ್ ಮಗನನ್ನು ಸಂಗೀತಕ್ಕೆ ಬಿಡಲು ಒಪ್ಪಿರಲಿಲ್ಲ. ಮಗ ಕಿರಿಯ ಯೋಹಾನ್ (1825–1899) 1844ರ ಅಕ್ಟೋಬರ್ 15ರಂದು ಹೀಟ್ಸಿಂಗ್‌ನ ಡೊಮ್ಮಾಯರ್ ಕ್ಯಾಸಿನೊದಲ್ಲಿ ತನ್ನದೇ ವೃಂದ ಕಟ್ಟಿಕೊಂಡು ಅಪ್ಪನ ಎದುರಾಳಿಯಾಗಿ ನಿಂತ. 1849ರಲ್ಲಿ ತಂದೆ ತೀರಿಕೊಂಡ ಮೇಲೆ ಎರಡು ವೃಂದಗಳು ಒಂದಾದವು. ತಮ್ಮ ಯೋಸೆಫ್ (1827–1870) ಓದಿನಿಂದ ಎಂಜಿನಿಯರ್. ಅಣ್ಣನಿಗೆ ಹುಷಾರಿಲ್ಲದಾಗ 1853ರಲ್ಲಿ ವೃಂದ ವಹಿಸಿಕೊಂಡವನು ಮತ್ತೆ ಎಂಜಿನಿಯರ್ ಕೆಲಸಕ್ಕೆ ವಾಪಸಾಗಲಿಲ್ಲ. ಮೂವರು ಸಹೋದರರಲ್ಲಿ ಸ್ವರಸಂಯೋಜನೆಯ ಸೂಕ್ಷ್ಮ ಯೋಸೆಫ್‌ನಲ್ಲೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. 'ಸ್ಫೇರನ್‌ಕ್ಲೆಂಗೆ' (ಓಪಸ್ 235, 1868; ಓಪಸ್ ಎಂದರೆ ರಚನೆಯ ಕ್ರಮಸಂಖ್ಯೆ) ಕೇಳಿ ನೋಡಿ. ಕೊನೆಯ ತಮ್ಮ ಎಡುವರ್ಡ್ (1835–1916) ವೃಂದವನ್ನು ದೇಶದೇಶ ಸುತ್ತಿಸಿ, 1901ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ವಿಸರ್ಜಿಸಿದ.

ಅಲ್ಲಿಗೆ ಸ್ಟ್ರಾಸ್ ಕುಟುಂಬದ ಮೂಲ ವೃಂದ ಮುಗಿಯಿತು. ಆರು ವರ್ಷಗಳ ನಂತರ, 1907ರಲ್ಲಿ, ಇದೇ ಎಡುವರ್ಡ್ ವೃಂದದ ಇಡೀ ಸ್ವರಲಿಪಿ ಭಂಡಾರವನ್ನು ವಿಯೆನ್ನಾದ ಒಂದು ಒಲೆ ಕಾರ್ಖಾನೆಯ ಕುಲುಮೆಗೆ ಹಾಕಿಸಿ ಗಂಟೆಗಟ್ಟಲೆ ಸುಡಿಸಿದ. ಇಬ್ಬರಲ್ಲಿ ಯಾರು ಉಳಿದರೂ ವೃಂದದ ಹಾಳೆಗಳು ಪರರ ಪಾಲಾಗಬಾರದೆಂದು ಯೋಸೆಫ್ ಜೊತೆ ಒಪ್ಪಂದವಾಗಿತ್ತು ಎಂಬುದು ಅವನು ಕೊಟ್ಟ ಕಾರಣ. ಕಾರಣ ಏನೇ ಇರಲಿ, ಪರಿಣಾಮ ಇವತ್ತಿಗೂ ವಾದಕರ ಸ್ಟ್ಯಾಂಡಿನ ಮೇಲಿದೆ. ಆ ಕಾಲದಲ್ಲಿ ಸ್ಟ್ರಾಸ್ ಸಹೋದರರು ಪೂರ್ಣ ಸ್ಕೋರ್ (ಎಲ್ಲ ವಾದ್ಯಗಳ ಸ್ವರಲಿಪಿ ಒಟ್ಟಿಗಿರುವ ಪ್ರತಿ) ಮುಂದಿಟ್ಟುಕೊಂಡು ನಡೆಸುತ್ತಿರಲಿಲ್ಲ. ಪಿಟೀಲು ಕೈಯಲ್ಲಿ ಹಿಡಿದು, ನಿಂತು, ಮೊದಲ ಪಿಟೀಲಿನ ಪಾರ್ಟನ್ನೇ ನೋಡಿಕೊಂಡು, ಧಾಟಿ ಬಂದಾಗ ತಾವೂ ನುಡಿಸುತ್ತ, ಉಳಿದ ಹೊತ್ತು ಕಮಾನನ್ನೇ ಕೋಲಿನಂತೆ ಬೀಸುತ್ತಿದ್ದರು. ವಿಯೆನ್ನಾದವರು ಇಂಥವನನ್ನು 'ಸ್ಟೇಗೈಗರ್', ಅಂದರೆ ನಿಂತ ಪಿಟೀಲಿಗ, ಎನ್ನುತ್ತಾರೆ. ಪ್ರಕಾಶಕರು ಅಚ್ಚು ಹಾಕಿದ್ದೂ ಹೆಚ್ಚಾಗಿ ಪಿಯಾನೊ ಪ್ರತಿ ಮತ್ತು ಬಿಡಿಬಿಡಿ ಪಾರ್ಟುಗಳನ್ನೇ. ಆದ್ದರಿಂದ ಒಂದೇ ವಾಲ್ಟ್ಸ್‌ನ ಕ್ಲಾರಿನೆಟ್ ಪಾರ್ಟಿನಲ್ಲಿ 'ಮೆತ್ತಗೆ' ಎಂದಿದ್ದರೆ ಟ್ರಂಪೆಟ್ ಪಾರ್ಟಿನಲ್ಲಿ 'ಜೋರು' ಎಂದಿರುತ್ತದೆ. ಒಂದರಲ್ಲಿ ಪುನರಾವರ್ತನೆಯ ಚಿಹ್ನೆ ಇದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ಬಾಡಿಗೆಗೆ ತಂದ ಹಳೆಯ ಪಾರ್ಟುಗಳಿಂದ ನುಡಿಸುವ ವೃಂದ ಮೊದಲ ರಿಹರ್ಸಲ್‌ನ ಅರ್ಧ ಗಂಟೆಯನ್ನು 'ನೀವೆಲ್ಲಿದ್ದೀರಿ, ನಾವೆಲ್ಲಿದ್ದೇವೆ' ಎಂದು ಕೇಳುವುದರಲ್ಲೇ ಕಳೆಯುತ್ತದೆ. ಇದಕ್ಕಿರುವ ಮದ್ದು ಒಂದೇ: ಲೈಬ್ರರಿ ನೋಡಿಕೊಳ್ಳುವವರು ವಾರ ಮುಂಚೆ ಎಲ್ಲ ಪಾರ್ಟುಗಳನ್ನೂ ಒಂದರ ಪಕ್ಕ ಒಂದಿಟ್ಟು ಪುನರಾವರ್ತನೆ, ನೆಗೆತ, ಬಾರ್ ಸಂಖ್ಯೆಗಳನ್ನು ಪೆನ್ಸಿಲ್‌ನಲ್ಲಿ ಸರಿಮಾಡಿಡಬೇಕು. ಈಗ ಮೂಲ ಆಧಾರಗಳನ್ನು ಹೋಲಿಸಿ ಸಿದ್ಧಪಡಿಸಿದ ಶುದ್ಧ ಪ್ರತಿಗಳು ಬರುತ್ತಿವೆ. ದುಡ್ಡಿದ್ದರೆ ಅವನ್ನೇ ಕೊಳ್ಳಿ.

ಭಂಡಾರ ಸುಟ್ಟುಹೋದರೂ ಎರಡನೆಯ ಪೆಟ್ಟು ಉಳಿದದ್ದು ಹೇಗೆ? ವಾದಕರ ಕೈಯಲ್ಲಿ. ವಿಯೆನ್ನಾ ಫಿಲ್‌ಹಾರ್ಮೋನಿಕ್ 1842ರಲ್ಲಿ ಹುಟ್ಟಿದ್ದು. ಅದರ ವಾದಕರು ಅಂದಿಗೂ ಇಂದಿಗೂ ಅಲ್ಲಿನ ಒಪೇರಾ ವೃಂದದವರೇ. ಅಲ್ಲಿ ಕನಿಷ್ಠ ಮೂರು ವರ್ಷ ನುಡಿಸಿದ ಮೇಲಷ್ಟೇ ಫಿಲ್‌ಹಾರ್ಮೋನಿಕ್‌ನ ಸದಸ್ಯತ್ವಕ್ಕೆ ಅರ್ಜಿ ಹಾಕಬಹುದು. ಗುರುವಿನ ಪಕ್ಕದ ಕುರ್ಚಿಯಲ್ಲೇ ಶಿಷ್ಯ ಕೂರುವ ವ್ಯವಸ್ಥೆ ಇದು, ಎಷ್ಟೋ ಮನೆಗಳಲ್ಲಿ ತಂದೆಯ ನಂತರ ಮಗ. ಕಿರಿಯ ಸ್ಟ್ರಾಸ್ ಜೊತೆ ಈ ವೃಂದಕ್ಕೆ ನೇರ ಸಂಬಂಧವೂ ಇತ್ತು: 'ವೀನರ್ ಬ್ಲೂಟ್' (ಓಪಸ್ 354) ವಾಲ್ಟ್ಸ್ ಅನ್ನು 1873ರ ಏಪ್ರಿಲ್ 22ರಂದು ಮ್ಯೂಸಿಕ್‌ಫೆರೈನ್‌ನಲ್ಲಿ ಮೊದಲು ನುಡಿಸಿದ್ದು ಇವರೇ, ನಡೆಸಿದ್ದು ಸ್ಟ್ರಾಸ್. 1921ರಲ್ಲಿ ವಿಯೆನ್ನಾದ ಸ್ಟಾಟ್‌ಪಾರ್ಕ್‌ನಲ್ಲಿ ಸ್ಟ್ರಾಸ್ ಪ್ರತಿಮೆ ಅನಾವರಣವಾದಾಗ ಕಂಡಕ್ಟರ್ ಆರ್ಥರ್ ನಿಕಿಶ್ ಇದೇ ವೃಂದದಿಂದ ನುಡಿಸಿದರು. 1929ರಿಂದ ಕಂಡಕ್ಟರ್ ಕ್ಲೆಮೆನ್ಸ್ ಕ್ರೌಸ್ ಸಾಲ್ಜ್‌ಬರ್ಗ್ ಉತ್ಸವದಲ್ಲಿ ಸ್ಟ್ರಾಸ್ ಕಾರ್ಯಕ್ರಮಗಳನ್ನು ಮಾಡಿದರು.

ಈ ಕೈಯಿಂದ ಕೈಗೆ ದಾಟಿಸುವ ವ್ಯವಸ್ಥೆಗೆ ಒಂದು ಕತ್ತಲ ಮಗ್ಗುಲೂ ಇದೆ, ಅದನ್ನು ಬಿಟ್ಟು ಮಾತಾಡುವುದು ಸರಿಯಲ್ಲ. ಇಂದು ತೊಂಬತ್ತಕ್ಕೂ ಹೆಚ್ಚು ದೇಶಗಳು ಟೀವಿಯಲ್ಲಿ ನೋಡುವ, ಇದೇ ವೃಂದದ ಹೊಸ ವರ್ಷದ ಕಛೇರಿ ಮೊದಲು ನಡೆದದ್ದು 1939ರ ಡಿಸೆಂಬರ್ 31ರಂದು, ನಾಜಿ ಆಳ್ವಿಕೆಯಲ್ಲಿ, ನಾಜಿಗಳ 'ಚಳಿಗಾಲದ ನೆರವು' ನಿಧಿಗಾಗಿ. ಜನವರಿ 1ಕ್ಕೆ ಬಂದದ್ದು 1941ರಲ್ಲಿ. ಸ್ಟ್ರಾಸ್ ಮನೆತನದ ಮುತ್ತಜ್ಜ ಯೆಹೂದಿ ಮೂಲದವನೆಂದು 1762ರ ಮದುವೆ ದಾಖಲೆಯಲ್ಲಿತ್ತು. ಸಂಗೀತ ಬೇಕು, ಆ ದಾಖಲೆ ಬೇಡ ಎಂದಾದಾಗ ನಾಜಿ ಅಧಿಕಾರಿಗಳು ಆ ದಾಖಲೆಯನ್ನೇ ತಿದ್ದಿದ ನಕಲು ಮಾಡಿಸಿಟ್ಟರು. ವೃಂದ ಮಹಿಳೆಯರನ್ನು ಸದಸ್ಯರನ್ನಾಗಿ ಒಪ್ಪಿದ್ದು 1997ರಲ್ಲಿ, ಹಾರ್ಪ್ ವಾದಕಿ ಅನ್ನಾ ಲೆಲ್ಕೆಸ್ ಅವರಿಂದ ಶುರು. ಹೊಸ ವರ್ಷದ ಕಛೇರಿಯಲ್ಲಿ ಮಹಿಳೆಯೊಬ್ಬರ ರಚನೆ ಮೊದಲು ನುಡಿಸಿದ್ದು 2025ರಲ್ಲಿ: ಕಾನ್‌ಸ್ಟಾಂಟ್ಸೆ ಗೈಗರ್ ಅವರ 'ಫರ್ಡಿನಾಂಡುಸ್ ವಾಲ್ಟ್ಸ್'. ಶೈಲಿ ಶುದ್ಧವಾಗಿ ಉಳಿಯಬೇಕಾದರೆ ಬಾಗಿಲು ಮುಚ್ಚಿರಬೇಕು ಎಂದು ವಾದಿಸುತ್ತಿದ್ದವರಿದ್ದರು. ಬಾಗಿಲು ತೆಗೆದ ಮೇಲೂ ಎರಡನೆಯ ಪೆಟ್ಟು ತನ್ನ ಜಾಗದಲ್ಲೇ ಇದೆ.

ಈ ಕಛೇರಿಯ ಶೈಲಿಯನ್ನು ರೂಪಿಸಿದವರು ವಿಲ್ಲಿ ಬೊಸ್ಕೊವ್‌ಸ್ಕಿ. ವೃಂದದ ಕನ್ಸರ್ಟ್‌ಮಾಸ್ಟರ್ (ಮೊದಲ ಪಿಟೀಲಿನ ಮುಖ್ಯಸ್ಥ) ಆಗಿದ್ದ ಅವರು 1955ರಿಂದ 1979ರವರೆಗೆ 25 ವರ್ಷ, ಹಳೆಯ ಸ್ಟ್ರಾಸ್ ಕ್ರಮದಲ್ಲೇ, ಪಿಟೀಲು ಹಿಡಿದು ನಿಂತು ನಡೆಸಿದರು. ಅವರ ನಂತರ ಹೊರಗಿನ ಕಂಡಕ್ಟರ್‌ಗಳು ಬಂದರು. ನಮ್ಮ ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ಐದು ಸಲ ನಡೆಸಿದ್ದಾರೆ: 1990, 1995, 1998, 2007, 2015. ಅವರು ವಿಯೆನ್ನಾದಲ್ಲೇ ಹಾನ್ಸ್ ಸ್ವರೊವ್‌ಸ್ಕಿ ಬಳಿ ಕಲಿತವರು, ಡಬಲ್ ಬಾಸ್ ಕೂಡ ಅಭ್ಯಾಸ ಮಾಡಿದವರು. ಮೊದಲ ಪೆಟ್ಟಿನ ವಾದ್ಯವನ್ನೇ ಕೈಯಲ್ಲಿ ಹಿಡಿದಿದ್ದವರು ಎನ್ನಿ. ಫಿಲ್‌ಹಾರ್ಮೋನಿಕ್ ಬಿಟ್ಟರೆ, ಎಡುವರ್ಡ್‌ನ ಮೊಮ್ಮಗ ಎರಡನೆಯ ಎಡುವರ್ಡ್ ಸ್ಟ್ರಾಸ್ 1966ರಲ್ಲಿ ಕಟ್ಟಿದ ವಿಯೆನ್ನಾ ಯೋಹಾನ್ ಸ್ಟ್ರಾಸ್ ವಾದ್ಯವೃಂದ ಈ ಸಂಪ್ರದಾಯದ ಇನ್ನೊಂದು ಕವಲು. ಅದು ನಲವತ್ತರ ಆಸುಪಾಸಿನ ವಾದಕರ ಚಿಕ್ಕ ವೃಂದ. ಆ ಎರಡನೆಯ ಎಡುವರ್ಡ್ 1969ರಲ್ಲಿ ತೀರಿಕೊಂಡ ಮೇಲೆ ಬೊಸ್ಕೊವ್‌ಸ್ಕಿಯವರೇ ಅದನ್ನೂ ನಡೆಸಿದರು. ತಂತಿವಾದ್ಯಗಳು ಕಡಿಮೆ ಇದ್ದಾಗ ಪಿಕೊಲೊ, ಕ್ಲಾರಿನೆಟ್, ಹಾರ್ನ್‌ಗಳ ಬಣ್ಣ ಮೇಲೆ ತೇಲುತ್ತದೆ. ನೃತ್ಯಶಾಲೆಯ ಸ್ಟ್ರಾಸ್ ಹೇಗೆ ಕೇಳುತ್ತಿದ್ದಿರಬಹುದು ಎಂದು ತಿಳಿಯಬೇಕಾದವರು ಇಂಥ ಗಾತ್ರದ ವೃಂದವನ್ನೇ ಕೇಳಬೇಕು.

ಈಗ 'ಬ್ಲೂ ಡ್ಯಾನ್ಯೂಬ್' ಒಂದನ್ನೇ ಹತ್ತಿರದಿಂದ ನೋಡೋಣ. ಓಪಸ್ 314. 1867ರ ಫೆಬ್ರವರಿ 15ರಂದು ಡಯಾನಾಬಾಡ್ ಸಭಾಂಗಣದಲ್ಲಿ ಮೊದಲು ಕೇಳಿಸಿದ್ದು ಪುರುಷರ ಗಾಯನವೃಂದದ ಹಾಡಾಗಿ. ಬರೀ ವಾದ್ಯದ ರೂಪ ಮುಂದಿನ ತಿಂಗಳು. ಇದು ಒಂದು ವಾಲ್ಟ್ಸ್ ಅಲ್ಲ, ಐದು ವಾಲ್ಟ್ಸ್‌ಗಳ ಮಾಲೆ, ಮುಂದೆ ಒಂದು ಪೀಠಿಕೆ, ಹಿಂದೆ ಒಂದು ಕೋಡಾ. ಪೀಠಿಕೆ ವಾಲ್ಟ್ಸ್ ತಾಳದಲ್ಲೇ ಇಲ್ಲ. ಎ ಮೇಜರ್‌ನಲ್ಲಿ (ಎ ಸ್ವರವನ್ನು ಆಧಾರವಾಗಿಟ್ಟು), ನಿಧಾನ ಆರರ ನಡೆಯಲ್ಲಿ, ಪಿಟೀಲುಗಳ ನಡುಕದ ಮೇಲೆ ಹಾರ್ನ್ ಧಾಟಿಯ ಮೂರು ಸ್ವರಗಳನ್ನು ಕೂಗುತ್ತದೆ. ನಡುಕ ಜೋರಾದರೆ ಹಾರ್ನ್ ಮುಚ್ಚಿಹೋಗುತ್ತದೆ. ಕಮಾನಿನ ತುದಿಯಲ್ಲಿ, ಎರಡು ಬೆರಳಗಲದಷ್ಟೇ ಕಮಾನು ಬಳಸಿ ನುಡಿಸಬೇಕು. ನಂತರ ಡಿ ಮೇಜರ್‌ನಲ್ಲಿ ಮೊದಲ ವಾಲ್ಟ್ಸ್. ಇಲ್ಲಿ ಧಾಟಿ ನೇರ ವೇಗದಲ್ಲಿ ಶುರುವಾಗುವುದಿಲ್ಲ. ಮೊದಲ ಏರಿಕೆ ಹಿಂಜರಿಯುತ್ತ ಬರುತ್ತದೆ, ಕೆಲವು ಬಾರ್‌ಗಳಲ್ಲಿ ವೇಗ ತುಂಬಿಕೊಳ್ಳುತ್ತದೆ. ಎಲ್ಲಿಗೆ ಪೂರ್ಣ ವೇಗ ಎಂಬುದನ್ನು ಕಂಡಕ್ಟರ್ ಮುಂಚೆಯೇ ಹೇಳಿಬಿಡಬೇಕು. ಹೇಳದಿದ್ದರೆ ಧಾಟಿಯವರು ನಿಧಾನಕ್ಕೆ, ಪಕ್ಕವಾದ್ಯದವರು ಬೇಗ ಹೊರಟು ಎಂಟನೆಯ ಬಾರ್ ಹೊತ್ತಿಗೆ ದಾರಿ ಬೇರೆಯಾಗಿರುತ್ತದೆ.

ಎರಡನೆಯ ವಾಲ್ಟ್ಸ್ ಡಿ ಯಲ್ಲೇ, ಮೂರನೆಯದು ಜಿ, ನಾಲ್ಕನೆಯದು ಎಫ್, ಐದನೆಯದು ಎ. ಒಂದೊಂದರಲ್ಲೂ ಎರಡೆರಡು ಭಾಗ. ಬರೆದಿರುವ ಪುನರಾವರ್ತನೆಗಳನ್ನೆಲ್ಲ ನುಡಿಸಬೇಕೆಂದಿಲ್ಲ. ನೃತ್ಯಕ್ಕಾದರೆ ಎಲ್ಲವೂ ಬೇಕು, ಕಛೇರಿಗಾದರೆ ಕೆಲವನ್ನು ಬಿಡುವುದು ವಾಡಿಕೆ. ಆದರೆ ಭಾಗದಿಂದ ಭಾಗಕ್ಕೆ ದಾಟುವ ಮುನ್ನ ಉಸಿರೆಳೆಯುವಷ್ಟು ಬಿಡುವು ಇರುತ್ತದೆ. ವೃಂದ ಒಟ್ಟಾಗಿ ಉಸಿರಾಡಿದರೆ ಅದು ಚೆಂದ, ಕಂಡಕ್ಟರ್ ಒಬ್ಬನೇ ನಿಲ್ಲಿಸಿದರೆ ಕರೆಂಟು ಹೋದ ಹಾಗೆ. ಕೋಡಾದಲ್ಲಿ ಹಳೆಯ ಧಾಟಿಗಳು ಒಂದೊಂದಾಗಿ ಬಂದು ಹೋಗುತ್ತವೆ, ಒಮ್ಮೆ ಎಲ್ಲ ಮೆತ್ತಗಾಗಿ, ಆಮೇಲೆ ಸ್ನೇರ್ ಡ್ರಮ್ಮಿನ ಉರುಳಿನೊಂದಿಗೆ ಓಡಿ ಮುಗಿಯುತ್ತದೆ.

ವಿಯೆನ್ನಾದವರ ವಾದ್ಯಗಳೂ ಬೇರೆ. ಅವರ ಹಾರ್ನ್ ಒಂಟಿ ಎಫ್ ಹಾರ್ನ್, ಸುಮಾರು 3.7 ಮೀಟರ್ ಕೊಳವೆ, ಪಂಪಿನಂಥ ಜೋಡಿ ಕವಾಟ. ಬೇರೆಡೆಯ ಜೋಡಿ ಹಾರ್ನ್‌ಗಿಂತ ಇದರಲ್ಲಿ ಮೇಲಿನ ಸ್ವರಗಳು ಒತ್ತೊತ್ತಾಗಿರುವುದರಿಂದ ಜಾರಿ ಪಕ್ಕದ ಸ್ವರಕ್ಕೆ ಬೀಳುವ ಅಪಾಯ ಹೆಚ್ಚು. ಬದಲಿಗೆ ಸ್ವರದಿಂದ ಸ್ವರಕ್ಕೆ ದಾಟುವುದು ಎಣ್ಣೆಯಂತೆ ನುಣುಪು. ಓಬೋ ಕೂಡ ವಿಯೆನ್ನಾದ್ದೇ ಮಾದರಿ. ತಯಾರಕರು ಕಡಿಮೆಯಾದಾಗ ಜಪಾನಿನ ಯಮಾಹಾ ಕಂಪನಿ ಇವರಿಗಾಗಿ ತಯಾರಿಸಿಕೊಟ್ಟಿತು. ಟಿಂಪನಿಗೆ ಮೇಕೆಯ ಚರ್ಮ. ಶ್ರುತಿ ಎ ಸ್ವರಕ್ಕೆ 443 ಹರ್ಟ್ಸ್. ಆದರೆ ಈ ವಾದ್ಯಗಳಿಲ್ಲದೆ ವಾಲ್ಟ್ಸ್ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಣ್ಣ ಬದಲಾಗುತ್ತದೆ, ನಡೆ ಬದಲಾಗಬೇಕಿಲ್ಲ.

ಸಭಿಕರ ಪ್ರಶ್ನೆಗಳು

ನಮ್ಮ ತಿಸ್ರ ನಡೆ ಗೊತ್ತಿದ್ದವರಿಗೆ ಇದು ಸುಲಭವಾಗುತ್ತದೆಯೇ?

ಎಣಿಕೆಗೆ ಸಹಾಯ, ನಡೆಗೆ ಸ್ವಲ್ಪ ಅಡ್ಡಿ. ತಿಸ್ರದಲ್ಲಿ ಮೂರೂ ಸಮ ಎಂದು ಕೈ ಕಲಿತಿರುತ್ತದೆ, ಇಲ್ಲಿ ಅದನ್ನೇ ಬಿಡಿಸಬೇಕು. ಆದರೆ ಕಾಲಪ್ರಮಾಣ ಕದಲಬಾರದು ಎಂಬ ಶಿಸ್ತು ಇದ್ದವರು ಬಾರ್‌ನಿಂದ ಬಾರ್‌ಗೆ ಓಡುವುದಿಲ್ಲ. ಅದು ದೊಡ್ಡ ಲಾಭ. ಮೆಟ್ರೊನೋಮ್ ಬಳಸುವವರು ಪೆಟ್ಟಿಗೊಂದು ಟಿಕ್ ಇಡಬೇಡಿ, ಬಾರ್‌ಗೊಂದು ಟಿಕ್ ಇಡಿ.

ಮೈಸೂರು ಮಹಾರಾಜರು ನೆರವಾದದ್ದು ಈ ಸ್ಟ್ರಾಸ್‌ಗೇ ಅಲ್ಲವೇ?

ಅಲ್ಲ. ಜಯಚಾಮರಾಜೇಂದ್ರ ಒಡೆಯರು ನೆರವಾದದ್ದು ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನಕ್ಕೆ, 1950ರ ಮೇ 22ರಂದು ಲಂಡನ್‌ನಲ್ಲಿ. ರಿಚರ್ಡ್ ಜರ್ಮನಿಯವರು, ವಿಯೆನ್ನಾದ ಸ್ಟ್ರಾಸ್ ಮನೆತನಕ್ಕೆ ನಂಟರಲ್ಲ. ಅವರೂ ತಮ್ಮ 1911ರ ಒಪೇರಾ 'ರೋಸೆನ್‌ಕವಲಿಯರ್'ನಲ್ಲಿ ವಾಲ್ಟ್ಸ್ ಬರೆದಿದ್ದಾರೆ. ಕಥೆ ನಡೆಯುವ ಕಾಲಕ್ಕೆ ವಿಯೆನ್ನಾದಲ್ಲಿ ಆ ಬಗೆಯ ವಾಲ್ಟ್ಸೇ ಇರಲಿಲ್ಲ ಎಂಬುದು ಬೇರೆ ಮಾತು.

'ರಾಡೆಟ್ಸ್ಕಿ ಮಾರ್ಚ್'ಗೆ ಚಪ್ಪಾಳೆ ತಟ್ಟುವುದು ಸರಿಯೇ?

ಹಿರಿಯ ಸ್ಟ್ರಾಸ್ 1848ರಲ್ಲಿ ಬರೆದ ಮಾರ್ಚ್ ಅದು, ವಾಲ್ಟ್ಸ್ ಅಲ್ಲ. ಹೊಸ ವರ್ಷದ ಕಛೇರಿ ಅದರಿಂದಲೇ ಮುಗಿಯುತ್ತದೆ. ತಟ್ಟಿ, ಆದರೆ ಕಂಡಕ್ಟರ್ ಕೈ ನೋಡಿ. ಮೆತ್ತಗಿನ ಭಾಗಗಳಲ್ಲಿ ಅವರು ಸಭೆಯ ಕಡೆ ತಿರುಗಿ ಸುಮ್ಮನಿರಿ ಎಂದು ಸನ್ನೆ ಮಾಡುತ್ತಾರೆ. ಹಿಂದಿನ ಸಾಲಿನವರು ಕಿವಿಗೆ ಬಿದ್ದಂತೆ ತಟ್ಟಿದರೆ ಅದೇ 30 ಮಿಲಿಸೆಕೆಂಡಿನ ಸಮಸ್ಯೆ ಇಲ್ಲೂ ಬರುತ್ತದೆ.

ಹದಿನೈದು ಜನರ ನಮ್ಮ ಹವ್ಯಾಸಿ ವೃಂದ ಯಾವುದರಿಂದ ಶುರುಮಾಡಬೇಕು?

'ಬ್ಲೂ ಡ್ಯಾನ್ಯೂಬ್'ನಿಂದ ಬೇಡ. ಎಲ್ಲರಿಗೂ ಗೊತ್ತಿರುವ ಧಾಟಿಯಲ್ಲಿ ತಪ್ಪುಗಳೂ ಎಲ್ಲರಿಗೂ ಗೊತ್ತಾಗುತ್ತವೆ, ಜೊತೆಗೆ ಆ ಪೀಠಿಕೆಗೆ ಒಳ್ಳೆಯ ಹಾರ್ನ್ ವಾದಕ ಬೇಕು. 'ಟೇಲ್ಸ್ ಫ್ರಮ್ ದಿ ವಿಯೆನ್ನಾ ವುಡ್ಸ್' (ಓಪಸ್ 325) ಕೂಡ ಸದ್ಯಕ್ಕೆ ಬೇಡ. ಅದರಲ್ಲಿ ಝಿತರ್ ಎಂಬ ತಂತಿವಾದ್ಯದ ಒಂಟಿ ಭಾಗವಿದೆ. ಝಿತರ್ ಇಲ್ಲದವರಿಗೆ ಪಿಟೀಲುಗಳ ಬದಲಿ ಇದ್ದರೂ ಆ ಬದಲಿಗೂ ನುರಿತ ಕೈ ಬೇಕು. ಲಾನರ್‌ನ 'ಡೀ ಶ್ಯೋನ್‌ಬ್ರುನ್ನರ್' (ಓಪಸ್ 200, 1842) ತೆಗೆದುಕೊಳ್ಳಿ. ಭಾಗಗಳು ಚಿಕ್ಕವು, ಧಾಟಿ ಹಾಡಿನಂತಿದೆ, ಪಕ್ಕವಾದ್ಯಕ್ಕೆ ಮರೆಯಾಗಲು ಜಾಗವಿಲ್ಲ. ಹದಿನೈದು ಜನರಲ್ಲಿ ಮೊದಲ ಪಿಟೀಲಿಗೆ ಮೂವರಿಗಿಂತ ಹೆಚ್ಚು ಹಾಕಬೇಡಿ. ಎರಡನೆಯ ಪಿಟೀಲು ಮೂವರು, ವಿಯೋಲಾ ಇಬ್ಬರು, ಚೆಲ್ಲೊ ಒಂದು, ಬಾಸ್ ಒಂದು, ಉಳಿದ ಐದು ಜಾಗಕ್ಕೆ ಕೊಳಲು, ಎರಡು ಕ್ಲಾರಿನೆಟ್, ಹಾರ್ನ್, ಡ್ರಮ್. ನಿಮ್ಮಲ್ಲಿ ಕಾಲಕ್ಕೆ ಸರಿಯಾಗಿ ನುಡಿಸುವವರು ಯಾರೋ ಅವರನ್ನು ಎರಡನೆಯ ಪಿಟೀಲಿಗೆ ಕೂರಿಸಿ. ಅವರು ಬೇಜಾರು ಮಾಡಿಕೊಂಡರೆ ಮೊದಲ ರಿಹರ್ಸಲ್‌ನಲ್ಲಿ ಅವರ ಪಾರ್ಟು ಬಿಟ್ಟು ಒಂದು ಸಲ ನುಡಿಸಿ ತೋರಿಸಿ.